ಕಡಲು ಎರಡು ಕಿಲೋಮೀಟರ್ ದೂರದಲ್ಲಿದೆ, ತರಗತಿಗೆ ತರುವುದು ಹೇಗೆ?

ಪ್ರಶ್ನೆ: ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಯು.ಪಿ. ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಡಲು ಎರಡು ಕಿಲೋಮೀಟರ್ ದೂರ. ಆರು, ಏಳನೇ ತರಗತಿಯಲ್ಲಿ ಸುಮಾರು ಅರ್ಧ ಮಕ್ಕಳು ಮೀನುಗಾರರ ಮನೆಯವರು. ಕಡಲ ವಿಜ್ಞಾನ ಕಲಿಸಬೇಕು ಎಂದು ತುಂಬಾ ಆಸೆ ಇದೆ. ಆದರೆ ಇಂಟರ್ನೆಟ್‌ನಲ್ಲಿ ಸಿಗುವ ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ. ಅವುಗಳಲ್ಲಿ ಇರುವುದು ಹವಳದ ದಿಬ್ಬ, ನೀಲಿ ತಿಮಿಂಗಿಲ, ಪೆಂಗ್ವಿನ್. ನಮ್ಮಲ್ಲಿ ಲ್ಯಾಬ್ ಇಲ್ಲ, ದುಡ್ಡೂ ಇಲ್ಲ. ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಹೆಡ್‌ಮಾಷ್ಟ್ರು ಹೆದರುತ್ತಾರೆ. ಮೀನುಗಾರರ ಮಕ್ಕಳೋ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಎಲ್ಲಿಂದ ಶುರು ಮಾಡಲಿ? ವರ್ಷಕ್ಕೊಮ್ಮೆ ತಜ್ಞರನ್ನು ಕರೆಸಿ ಒಂದು ಕಾರ್ಯಕ್ರಮ ಮಾಡಿದರೆ ಸಾಕಾ?
ಒಬ್ಬ ಶಿಕ್ಷಕಿ, ಕಾಸರಗೋಡು ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಸಾಲದು. ನನ್ನಂಥವರು ಬಂದು, ಪ್ರೊಜೆಕ್ಟರ್ ಹಾಕಿ, ತಿಮಿಂಗಿಲದ ವಿಡಿಯೊ ತೋರಿಸಿ ಹೋದರೆ ಮಕ್ಕಳಿಗೆ ಅವತ್ತು ಖುಷಿಯಾಗುತ್ತದೆ. ಒಂದು ವಾರ ಕಳೆದ ಮೇಲೆ ಕೇಳಿ ನೋಡಿ, ಏನೂ ಉಳಿದಿರುವುದಿಲ್ಲ. ಕಡಲ ವಿಜ್ಞಾನ ಬೆಳೆದದ್ದು ಆ ದಾರಿಯಲ್ಲಿ ಅಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಒಂದೇ ಸಂಗತಿಯನ್ನು ಮತ್ತೆ ಮತ್ತೆ ಅಳೆದು ಬರೆದಿಟ್ಟದ್ದರಿಂದ ಅದು ಬೆಳೆಯಿತು. 1947ರಲ್ಲಿ ಶುರುವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ನಾವು ಸಿ.ಎಂ.ಎಫ್.ಆರ್.ಐ. ಎನ್ನುತ್ತೇವಲ್ಲ, ಅದು ಇವತ್ತಿಗೂ ಮಾಡುವ ಒಂದು ಮುಖ್ಯ ಕೆಲಸ ಇದೇ. ಅಲ್ಲಿನ ಸಿಬ್ಬಂದಿ ಮೀನು ಇಳಿಸುವ ಜಾಗಗಳಿಗೆ ಹೋಗುತ್ತಾರೆ. ಯಾವ ಮೀನು, ಎಷ್ಟು ಬಂತು, ಎಷ್ಟು ಉದ್ದ ಇದೆ ಎಂದು ಬರೆದುಕೊಳ್ಳುತ್ತಾರೆ. ಈ ಕೆಲಸದ ಒಂದು ತುಂಡನ್ನು ನಿಮ್ಮ ಆರನೇ ತರಗತಿಯ ಮಕ್ಕಳು ಮಾಡಬಹುದು. ಒಂದು ಸ್ಕೇಲ್ ಇದ್ದರೆ ಆಯಿತು.

ಹಾಗಾಗಿ ಒಂದು ಅಳತೆ ಆರಿಸಿಕೊಳ್ಳಿ. ಅದನ್ನು ಜೂನ್‌ನಿಂದ ಮಾರ್ಚ್‌ವರೆಗೆ ಬಿಡದೆ ಮಾಡಿಸಿ. ಉಳಿದ ಪಾಠಗಳು ಅದರ ಸುತ್ತ ಬಂದು ಸೇರಿಕೊಳ್ಳುತ್ತವೆ.

ನಾನಾಗಿದ್ದರೆ ಬೂತಾಯಿ ಮೀನನ್ನು ಆರಿಸಿಕೊಳ್ಳುತ್ತಿದ್ದೆ. ತಿಂಗಳಿಗೊಂದು ದಿನ, ಮೀನು ಮಾರುವವರಿಂದ ಒಂದು ಕಿಲೋ ಬೂತಾಯಿ ತರಿಸಿ. ಆರಿಸಬೇಡಿ, ಬುಟ್ಟಿಯಿಂದ ಕೈಗೆ ಬಂದಂತೆ ಹಾಕಿಸಿಕೊಳ್ಳಿ. ಆರಿಸಿದರೆ ದೊಡ್ಡದೇ ಬರುತ್ತದೆ, ಲೆಕ್ಕ ತಪ್ಪುತ್ತದೆ. ಇದನ್ನು ಮಕ್ಕಳಿಗೂ ಹೇಳಿ, ಮಾದರಿ ತೆಗೆಯುವ ವಿಷಯದ ಮೊದಲ ಪಾಠವೇ ಅದು. ಮೂತಿಯಿಂದ ಬಾಲದ ತುದಿಯವರೆಗೆ ಸೆಂಟಿಮೀಟರ್‌ನಲ್ಲಿ ಅಳೆಯಬೇಕು. ಒಬ್ಬರು ಅಳೆದರೆ ಇನ್ನೊಬ್ಬರು ಬರೆಯಲಿ. ಅಳತೆ ಮುಗಿದ ಮೇಲೆ ಕರಿಹಲಗೆಯಲ್ಲಿ ಕಂಬ ನಕ್ಷೆ ಹಾಕಿ. 10 ಸೆಂ.ಮೀ. ಕೆಳಗೆ ಎಷ್ಟು, 10ರಿಂದ 12 ಎಷ್ಟು, ಹೀಗೆ. ಅಳೆದ ಮೀನು ಹಾಳಾಗಬೇಕಿಲ್ಲ, ಬೇಗ ಮುಗಿಸಿದರೆ ಯಾರದಾದರೂ ಮನೆಯ ಸಾರಿಗೆ ಹೋಗುತ್ತದೆ.

10 ಸೆಂಟಿಮೀಟರ್ ಯಾಕೆ? ಕೇರಳದಲ್ಲಿ 2015ರಿಂದ ಮೀನುಗಳಿಗೆ ಕನಿಷ್ಠ ಉದ್ದದ ನಿಯಮವಿದೆ. ಮೊದಲು 14 ಜಾತಿಗಳಿಗೆ ಇತ್ತು, ಆಮೇಲೆ 58ಕ್ಕೆ ಏರಿಸಿದರು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಅದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ. ಆದರೆ ಬೂತಾಯಿ ಮೊಟ್ಟೆ ಇಡುವ ಹೊತ್ತಿಗೆ ಸುಮಾರು 15 ಸೆಂ.ಮೀ. ಬೆಳೆದಿರುತ್ತದೆ. ಹಾಗಾದರೆ ನಿಯಮ 15 ಎಂದು ಯಾಕಿಲ್ಲ? ಈ ಪ್ರಶ್ನೆಯನ್ನು ಮಕ್ಕಳ ಮುಂದೆ ಇಟ್ಟು ನೋಡಿ. ಮೀನಿನ ಪರವಾಗಿ ಮಾತಾಡುವವರು ಸಿಗುತ್ತಾರೆ, ದೋಣಿಗೆ ಹೋಗುವ ಅಪ್ಪನ ಪರವಾಗಿ ಮಾತಾಡುವವರೂ ಸಿಗುತ್ತಾರೆ. ಎರಡೂ ಕಡೆ ಮಾತಾಡಲಿ. ನೀವು ತೀರ್ಪು ಕೊಡಲು ಹೋಗಬೇಡಿ.

ಇಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. 9 ಸೆಂಟಿಮೀಟರಿನ ಮೀನು ಸಿಕ್ಕಿತು ಎಂದುಕೊಳ್ಳಿ. ಅದನ್ನು ಮಾರಿದ್ದು ನಿಮ್ಮ ತರಗತಿಯದೇ ಒಬ್ಬ ಹುಡುಗಿಯ ಅಮ್ಮ ಆಗಿರಬಹುದು. "ಇದು ಕಾನೂನಿಗೆ ವಿರುದ್ಧ" ಎಂದು ನೀವು ಗಟ್ಟಿಯಾಗಿ ಹೇಳಿದರೆ ಆ ಹುಡುಗಿ ಮತ್ತೆ ಬಾಯಿ ತೆರೆಯುವುದಿಲ್ಲ. ಬುಟ್ಟಿ ಹೊತ್ತು ಮಾರುವವರು ಆ ಮೀನನ್ನು ಹಿಡಿದವರಲ್ಲ. ಅವರಿಗೆ ಸಿಕ್ಕಿದ್ದನ್ನು ಅವರು ಮಾರುತ್ತಾರೆ. ಹಾಗಾಗಿ ಮೀನು ಯಾರಿಂದ ತಂದದ್ದು ಎಂದು ಪುಸ್ತಕದಲ್ಲಿ ಬರೆಯಲೇಬೇಡಿ. ತಾರೀಕು, ಊರು, ಉದ್ದ, ಬೆಲೆ, ಇಷ್ಟು ಸಾಕು. ಬೆಲೆಯನ್ನು ಮಾತ್ರ ಬಿಡಬೇಡಿ. ಕಿಲೋಗೆ ಎಷ್ಟು ರೂಪಾಯಿ ಎಂಬುದು ಕಡಲಲ್ಲಿ ಏನಾಗುತ್ತಿದೆ ಎಂಬುದರ ಬಗ್ಗೆ ತುಂಬಾ ಹೇಳುತ್ತದೆ.

ಯಾಕೆ ಬೂತಾಯಿ ಎಂದು ಕೇಳುವಿರಿ. ನಮ್ಮ ಕಡಲಿನ ಕತೆಯನ್ನು ಇಷ್ಟು ಚೆನ್ನಾಗಿ ಹೇಳುವ ಇನ್ನೊಂದು ಜೀವಿ ಇಲ್ಲ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ಆಮೇಲೆ ಮತ್ತೆ ಏರಿತು. ಈ ಎರಡು ಸಂಖ್ಯೆಗಳನ್ನು ಕರಿಹಲಗೆಯಲ್ಲಿ ಅಕ್ಕಪಕ್ಕ ಬರೆದು ಸುಮ್ನೆ ನಿಂತುಬಿಡಿ. "ಯಾಕೆ?" ಎಂದು ಮಕ್ಕಳೇ ಕೇಳುತ್ತಾರೆ.

ಯಾಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಜಾಸ್ತಿ ಹಿಡಿದದ್ದು ಒಂದು ಕಾರಣ. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ವರ್ಷಗಳು ಇನ್ನೊಂದು. ಇದನ್ನು ಅರ್ಥ ಮಾಡಿಸಲು ನಮ್ಮ ಮಳೆಗಾಲದ ಕಡಲು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನಮ್ಮ ಕರಾವಳಿಯ ಉದ್ದಕ್ಕೆ ತೆಂಕಣ ದಿಕ್ಕಿಗೆ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಮೇಲಿನ ನೀರು ಗಾಳಿ ಹೋದ ಕಡೆಗೇ ನೇರ ಹೋಗದೆ ಬಲಕ್ಕೆ, ಅಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣಗಿನ ನೀರು ಮೇಲೆ ಬರುತ್ತದೆ. ಆ ನೀರಿನಲ್ಲಿ ಗೊಬ್ಬರದಂಥ ಪೋಷಕಾಂಶ ತುಂಬಿರುತ್ತದೆ. ಬೆಳಕು ಸಿಕ್ಕಿದ ತಕ್ಷಣ ಕಣ್ಣಿಗೆ ಕಾಣದ ಸಸ್ಯಗಳು, ಪ್ಲಾಂಕ್ಟನ್, ಒಮ್ಮೆಲೇ ಹೆಚ್ಚುತ್ತವೆ. ಬೂತಾಯಿ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ, ಮರಿಗಳಿಗೆ ಊಟ ಸಿಗುವುದೂ ಆಗಲೇ. ಮಳೆ, ಗಾಳಿ, ಆಳದ ನೀರು, ಇವುಗಳ ಹೊಂದಾಣಿಕೆ ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ಬಲೆ ಖಾಲಿ ಬರುತ್ತದೆ.

ತರಗತಿಯಲ್ಲಿ ತೋರಿಸಲು ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕು, ಉದ್ದನೆಯದಾದರೆ ಒಳ್ಳೆಯದು. ಅದರಲ್ಲಿ ಬಿಸಿ ನೀರು ತುಂಬಿ. ಫ್ರಿಜ್ಜಿನ ತಣ್ಣೀರಿಗೆ ನೀಲಿ ಶಾಯಿ ಮತ್ತು ಒಂದು ಚಿಟಿಕೆ ಉಪ್ಪು ಹಾಕಿ, ಕೊಳವೆಯಿಂದ ಮೆಲ್ಲ ತಳಕ್ಕೆ ಬಿಡಿ. ನೀಲಿ ಪದರ ಕೆಳಗೆ ಕೂರುತ್ತದೆ. ಈಗ ಒಂದು ತುದಿಯಿಂದ ಇನ್ನೊಂದು ತುದಿಗೆ ಟೇಬಲ್ ಫ್ಯಾನ್ ಗಾಳಿ ಹಾಯಿಸಿ, ಫ್ಯಾನಿನ ಕಡೆಯ ತುದಿಯಲ್ಲಿ ನೀಲಿ ನೀರು ಮೇಲಕ್ಕೆ ಏಳುತ್ತದೆ. ಭೂಮಿ ತಿರುಗುವ ಪರಿಣಾಮ ಡಬ್ಬದಲ್ಲಿ ಕಾಣುವುದಿಲ್ಲ, ಅದನ್ನು ಬಾಯಲ್ಲಿ ಹೇಳಬೇಕು. ಆದರೆ ಮೇಲಿನ ನೀರು ಸರಿದರೆ ಕೆಳಗಿನದು ಏಳುತ್ತದೆ ಎಂಬುದನ್ನು ಕಣ್ಣಾರೆ ನೋಡಿದ ಮಗು ಮರೆಯುವುದಿಲ್ಲ.

ಅದೇ ಬೂತಾಯಿಯ ಕಿವಿರು ಬಿಡಿಸಿ ತೋರಿಸಿ. ಒಳಗೆ ಸಣ್ಣ ಹಲ್ಲಿನ ಬಾಚಣಿಗೆಯಂಥ ಸಾಲು ಕಾಣುತ್ತದೆ. ನೀರು ಹೊರಗೆ ಹೋಗುತ್ತದೆ, ಪ್ಲಾಂಕ್ಟನ್ ಒಳಗೆ ಉಳಿಯುತ್ತದೆ. ಪಕ್ಕದಲ್ಲಿ ಅಂಜಲ್ ಮೀನಿನ ತಲೆ ಇಡಿ, ಮಾರ್ಕೆಟಿನಲ್ಲಿ ತಲೆ ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಹಲ್ಲು ನೋಡಿದರೆ ಯಾರು ಯಾರನ್ನು ತಿನ್ನುತ್ತಾರೆ ಎಂದು ಬಾಯಿಪಾಠ ಮಾಡಿಸಬೇಕಾಗಿಲ್ಲ. ಕೊಡ್ಡಾಯಿ ಮೀನು ಸಿಕ್ಕರೆ ಅದರ ತಲೆಯೊಳಗಿನ ಎರಡು ಬಿಳಿ ಕಲ್ಲು ತೆಗೆಯಿರಿ. ಮೀನಿನ ಕಿವಿಯ ಕಲ್ಲು ಅದು, ಸಮತೋಲಕ್ಕೆ ಮತ್ತು ಕೇಳಲು ಬೇಕಾದದ್ದು. ಮರಕ್ಕೆ ಬಳೆ ಬೆಳೆದಂತೆ ಕಲ್ಲಿನಲ್ಲೂ ಪದರಗಳು ಬೆಳೆಯುತ್ತವೆ, ವಿಜ್ಞಾನಿಗಳು ಅವುಗಳನ್ನು ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ಮೂಳೆ ಇರುವ ಎಲ್ಲ ಮೀನಿಗೂ ಈ ಕಲ್ಲು ಇದೆ, ಕೊಡ್ಡಾಯಿಯಲ್ಲಿ ಅದು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು.

ಮೀನು ಮುಟ್ಟದ ಮನೆಗಳ ಮಕ್ಕಳೂ ನಿಮ್ಮ ತರಗತಿಯಲ್ಲಿ ಇರುತ್ತಾರೆ. ಅವರನ್ನು ಒತ್ತಾಯ ಮಾಡಬೇಡಿ. ಅವರು ಲೆಕ್ಕ ಬರೆಯಲಿ, ನಕ್ಷೆ ಹಾಕಲಿ, ಭರತ ಇಳಿತದ ಅಳತೆ ನೋಡಿಕೊಳ್ಳಲಿ. ಮೊದಲೇ ಪಾಲಕರ ಸಭೆಯಲ್ಲಿ ಇದನ್ನು ಹೇಳಿಬಿಟ್ಟರೆ ಆಮೇಲೆ ತಕರಾರು ಬರುವುದಿಲ್ಲ.

ಇನ್ನು ಸಮಯದ ವಿಷಯ. ನಮ್ಮ ಶಾಲೆಗಳಲ್ಲಿ ಕಡಲಿನ ನೆನಪಾಗುವುದು ಜೂನ್ 8ಕ್ಕೆ, ವಿಶ್ವ ಸಾಗರ ದಿನ ಎಂದು. ಆ ದಿನ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುವುದು ಬೇಡ ಎಂದು ನಾನು ಖಡಾಖಂಡಿತ ಹೇಳುತ್ತೇನೆ. ಅದು ಮಳೆಗಾಲದ ಬಾಯಿ. ಅಲೆ ಜೋರು, ದಡ ಕುಸಿಯುವ ಕಾಲ, ಆಗ ನಿಮ್ಮ ಹೆಡ್‌ಮಾಷ್ಟ್ರ ಭಯ ನೂರಕ್ಕೆ ನೂರು ಸರಿ. ಜೂನ್, ಜುಲೈನಲ್ಲಿ ತರಗತಿಯೊಳಗಿನ ಕೆಲಸ ಇಟ್ಟುಕೊಳ್ಳಿ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಮಕ್ಕಳಿಗೆ ಆಗ ಕೇಳಲು ಒಂದು ಸೊಗಸಾದ ಪ್ರಶ್ನೆ ಇದೆ. ಗಡಿಯ ತಲಪಾಡಿಯಿಂದ ಬಡಗಣಕ್ಕೆ, ಕರ್ನಾಟಕದಲ್ಲಿ, ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ತಲಪಾಡಿಯಿಂದ ತೆಂಕಣಕ್ಕೆ, ಕೇರಳದಲ್ಲಿ, ಟ್ರಾಲ್, ಅಂದರೆ ಬೋಟಿನ ಹಿಂದೆ ಎಳೆಯುವ ಬಲೆಯ, ನಿಷೇಧ ಜೂನ್ 9ರ ನಡುರಾತ್ರಿ ಶುರುವಾಗಿ 52 ದಿನ ಇರುತ್ತದೆ. ಕಡಲು ಒಂದೇ, ಮೀನು ಒಂದೇ. ಮೀನಿಗೆ ತಲಪಾಡಿ ಗೇಟು ಎಲ್ಲಿದೆ ಎಂದು ಗೊತ್ತಿಲ್ಲ. ಹಾಗಿದ್ದರೆ ತಾರೀಕು ಬೇರೆ ಯಾಕೆ? ಕೇರಳದಲ್ಲಿ ಈ ನಿಷೇಧ 1988ರಲ್ಲಿ ಶುರುವಾಯಿತು. ಹೊಟ್ಟೆಪಾಡು, ಮೀನಿನ ಸಂತಾನ, ರಾಜ್ಯದ ಕಾನೂನು, ಮೂರೂ ಇದರಲ್ಲಿ ಸೇರಿಕೊಂಡಿವೆ. ಸಮಾಜ ವಿಜ್ಞಾನದ ಶಿಕ್ಷಕರನ್ನೂ ಆ ದಿನ ತರಗತಿಗೆ ಕರೆಯಿರಿ.

ಹೊರಗೆ ಹೋಗುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಕಡಲು ಶಾಂತ, ಮರಳಿನ ದಡ ಅಗಲ. ಮಾರ್ಚ್‌ನಿಂದ ಮೇವರೆಗೆ ಇನ್ನೊಂದು ಅಪಾಯವಿದೆ, ಮಲಯಾಳಿ ಮೀನುಗಾರರು ಕಳ್ಳಕ್ಕಡಲ್ ಎನ್ನುತ್ತಾರೆ. ತುಂಬಾ ದೂರ, ಹಿಂದೂ ಮಹಾಸಾಗರದ ತೆಂಕಣ ಭಾಗದಲ್ಲಿ ಬಿರುಗಾಳಿ ಎದ್ದರೆ ಅದರ ಅಲೆಗಳು ಕೆಲವು ದಿನ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬರುತ್ತವೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಕಡಲು ಮಾತ್ರ ಏರಿಬರುತ್ತದೆ. 2024ರ ಮಾರ್ಚ್ 31ರಂದು ಕೇರಳದ ಹಲವು ಕಡೆ ಹೀಗೆ ನೀರು ಮನೆಗಳಿಗೆ ನುಗ್ಗಿತ್ತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡಿ, ಪ್ರಿಂಟ್ ತೆಗೆದು ಹೆಡ್‌ಮಾಷ್ಟ್ರ ಮೇಜಿನ ಮೇಲೆ ಇಡಿ. "ಏನೂ ಆಗುವುದಿಲ್ಲ ಸಾರ್" ಎನ್ನುವುದಕ್ಕಿಂತ ಅದು ಎಷ್ಟೋ ವಾಸಿ. ಮಕ್ಕಳು ಒದ್ದೆ ಮರಳು ದಾಟಬಾರದು ಎಂಬುದು ಒಂದೇ ನಿಯಮವಾಗಿರಲಿ. ಕಾಲು ನೆನೆಸಲೂ ಬಿಡಬೇಡಿ. ಊರಿನ ಇಬ್ಬರು ಮೀನುಗಾರರು ಜೊತೆಗೆ ಬರಲಿ, ಅವರಷ್ಟು ಕಡಲನ್ನು ಓದಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಜೆಲ್ಲಿ ಮೀನು, ಬಲೆಯಿಂದ ಬಿಸಾಡಿದ ಕಡಲ ಹಾವು, ಮುಳ್ಳಿರುವ ಮೀನು, ಜೀವ ಇರುವ ಶಂಖ, ಇವುಗಳನ್ನು ಮುಟ್ಟಬಾರದು. ಕಡಲ ಹಾವು ಸತ್ತಂತೆ ಬಿದ್ದಿದ್ದರೂ ಮುಟ್ಟಬಾರದು, ಅದರ ವಿಷ ಜೋರು. 2025ರ ಮೇ ತಿಂಗಳಲ್ಲಿ ಕೊಚ್ಚಿ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದ ಮೇಲೆ ತೆಂಕಣ ಕೇರಳದ ದಡಗಳಿಗೆ ಕಂಟೇನರ್‌ಗಳೂ ಪ್ಲಾಸ್ಟಿಕ್ ಕಾಳುಗಳೂ ಬಂದು ಬಿದ್ದವು. ಅಂಥದ್ದು ಕಂಡರೆ ದೂರ ನಿಂತು ಪೊಲೀಸರಿಗೆ ತಿಳಿಸಬೇಕು.

ದಡದಲ್ಲಿ ಏನು ಮಾಡುವುದು? ಕಸ ಹೆಕ್ಕುವುದು ಎಲ್ಲ ಶಾಲೆಗೂ ಮೊದಲು ಹೊಳೆಯುತ್ತದೆ. ಹೆಕ್ಕಿ, ಬೇಡ ಎನ್ನುವುದಿಲ್ಲ. ಆದರೆ ಹೆಕ್ಕಿ ಚೀಲ ಕಟ್ಟಿ ಬಂದರೆ ಅದು ಶ್ರಮದಾನ, ವಿಜ್ಞಾನ ಆಗಲಿಲ್ಲ. ಹತ್ತು ಮೀಟರ್ ಉದ್ದದ ಒಂದು ಪಟ್ಟಿ ಗುರುತು ಮಾಡಿ, ಅದರಲ್ಲಿ ಸಿಕ್ಕಿದ್ದನ್ನು ಬಲೆಯ ತುಂಡು, ಬಾಟಲಿ, ಚಪ್ಪಲಿ, ಥರ್ಮಾಕೋಲ್ ಎಂದು ಬೇರೆ ಮಾಡಿ ಎಣಿಸಿದರೆ ವಿಜ್ಞಾನ. ಮುಂದಿನ ಸಲ ಅದೇ ಪಟ್ಟಿಗೆ ಹೋಗಬೇಕು.

ನನಗೆ ತುಂಬಾ ಇಷ್ಟವಾದ ಕೆಲಸ ಮಾತ್ರ ಬೇರೆ. ದಡದ ಇಳಿಜಾರು ಅಳೆಯುವುದು. ಉಪ್ಪಳದ ಮುಸೋಡಿ ಕಡೆಯೋ ಬೇಕಲದ ಹತ್ತಿರದ ತೃಕ್ಕನ್ನಾಡಿನ ಕಡೆಯೋ ಕಡಲ್ಕೊರೆತ ಏನೆಂದು ನಮ್ಮ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ತೆಂಗಿನ ಮರ, ರಸ್ತೆ, ಮನೆ ಹೋದದ್ದನ್ನು ಅವರು ಕಂಡಿದ್ದಾರೆ. ಅದನ್ನು ಅಳೆಯಬಹುದು ಎಂದು ಮಾತ್ರ ಗೊತ್ತಿಲ್ಲ. ಕೆ.ಒ. ಎಮರಿ ಎಂಬ ಅಮೆರಿಕದ ವಿಜ್ಞಾನಿ 1961ರಲ್ಲಿ ಒಂದು ಸುಲಭದ ದಾರಿ ತೋರಿಸಿದರು. ಒಂದೂವರೆ ಮೀಟರ್ ಉದ್ದದ ಎರಡು ಕೋಲು ಬೇಕು. ಎರಡಕ್ಕೂ ಮೇಲಿನಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು ಹಾಕಿ. ನಡುವೆ ಎರಡು ಮೀಟರ್ ಹಗ್ಗ ಕಟ್ಟಿ. ಒಬ್ಬ ಹುಡುಗ ನೆಲದ ಕಡೆಯ ಕೋಲು ಹಿಡಿಯುತ್ತಾನೆ, ಇನ್ನೊಬ್ಬ ಕಡಲ ಕಡೆಯದು. ನೆಲದ ಕಡೆಯವನು ಕಣ್ಣನ್ನು ಮೇಲೆ ಕೆಳಗೆ ಮಾಡಿ, ಎದುರಿನ ಕೋಲಿನ ತುದಿಯೂ ಕಡಲಿನ ಬಾನಂಚೂ ಒಂದೇ ಗೆರೆಗೆ ಬರುವಂತೆ ನೋಡಬೇಕು. ಆ ಗೆರೆ ಅವನ ಕೋಲಿನ ಯಾವ ಗುರುತಿಗೆ ತಾಗುತ್ತದೋ, ಆ ಎರಡು ಮೀಟರಿನಲ್ಲಿ ಮರಳು ಅಷ್ಟು ಇಳಿದಿದೆ. ಹಾಗೇ ಮುಂದೆ ಮುಂದೆ ಹೋಗಬೇಕು, ಒಣ ಮರಳು ಮುಗಿಯುವ ತನಕ. ಶುರು ಮಾಡುವ ಜಾಗ ಬದಲಾಗಬಾರದು. ಒಂದು ಗೋಡೆಯ ಮೂಲೆಯನ್ನೋ ಲೈಟ್ ಕಂಬವನ್ನೋ ಗುರುತಿಗೆ ಇಟ್ಟುಕೊಳ್ಳಿ. ನವೆಂಬರ್, ಜನವರಿ, ಫೆಬ್ರವರಿ ಮೂರು ಸಲ ಅಳೆದು ಮೂರು ಗೆರೆಯನ್ನು ಒಂದೇ ಗ್ರಾಫ್ ಕಾಗದದಲ್ಲಿ ಹಾಕಿದರೆ, ಮಳೆಗಾಲದಲ್ಲಿ ಅಲೆ ಕೊಂಡುಹೋದ ಮರಳನ್ನು ಶಾಂತ ಅಲೆ ಮೆಲ್ಲ ವಾಪಸು ತಂದಿದೆಯೋ ಇಲ್ಲವೋ ಕಾಣುತ್ತದೆ. ಕೆಲವು ಕಡೆ ವಾಪಸು ಬರುವುದಿಲ್ಲ. ಅಲ್ಲಿ ಹತ್ತಿರದಲ್ಲಿ ಕಲ್ಲಿನ ತಡೆಗೋಡೆ, ಬಂದರಿನ ಗೋಡೆ ಏನಾದರೂ ಇದೆಯೇ, ಅದರ ಯಾವ ಬದಿಯಲ್ಲಿ ಮರಳು ಕೂತಿದೆ, ಯಾವ ಬದಿಯಲ್ಲಿ ಹೋಗಿದೆ ಎಂದು ನೋಡಿಸಿ.

ದಡಕ್ಕೆ ಹೋಗಲು ಅನುಮತಿಯೇ ಸಿಗಲಿಲ್ಲ ಎಂದುಕೊಳ್ಳಿ. ಹೊಳೆ ಇದೆಯಲ್ಲ! ನಮ್ಮ ಜಿಲ್ಲೆಯಷ್ಟು ಹೊಳೆಗಳು ಕೇರಳದ ಇನ್ನೊಂದು ಜಿಲ್ಲೆಯಲ್ಲಿಲ್ಲ. ಬರೀ 16 ಕಿಲೋಮೀಟರ್ ಉದ್ದದ ಮಂಜೇಶ್ವರ ಹೊಳೆಯಿಂದ ಹಿಡಿದು 105 ಕಿಲೋಮೀಟರಿನ ಚಂದ್ರಗಿರಿಯವರೆಗೆ ಎಲ್ಲವೂ ಇಲ್ಲಿವೆ. ನಿಮಗೆ ಕುಂಬಳೆ, ಶಿರಿಯ, ಮೊಗ್ರಾಲ್ ಮೂರೂ ಹತ್ತಿರ. ಸೇತುವೆಯ ಕಂಬದಲ್ಲಿ ನೀರಿನ ಗುರುತು ನೋಡಿ ಭರತ ಇಳಿತ ಬರೆಯಬಹುದು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಚಂದ್ರ ಹುಟ್ಟುವುದು ತಡವಾಗುವ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ಹೊಳೆ ಬದಿಯ ಮನೆಯ ಮಗುವಿಗೆ ಈ ಕೆಲಸ ಕೊಟ್ಟು ನೋಡಿ.

ಉಪ್ಪಿನದು ಇನ್ನೂ ಸುಲಭ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಹೊಳೆ ಕಡಲು ಸೇರುವ ಅಳಿವೆ, ಸೇತುವೆ, ಇನ್ನೂ ಮೇಲಿನ ಒಂದು ಕಡವು, ಮೂರು ಕಡೆಯಿಂದ ಅರ್ಧರ್ಧ ಲೀಟರ್ ನೀರು ತಂದು, ಪೂರ್ತಿ ಆವಿಯಾಗಲು ಬಿಟ್ಟು, ಉಳಿದದ್ದನ್ನು ತೂಗಿ. ಅಕ್ಟೋಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಇನ್ನೊಮ್ಮೆ. ಮಳೆಗಾಲದ ಹೊಳೆ ಉಪ್ಪನ್ನು ಹೊರಗೆ ದೂಡುತ್ತದೆ, ಬೇಸಿಗೆಯಲ್ಲಿ ಕಡಲು ಒಳಗೆ ಬರುತ್ತದೆ. ಕಾಸರಗೋಡು ಪೇಟೆಯವರಿಗೆ ಇದು ಪುಸ್ತಕದ ಮಾತಲ್ಲ. ಬಾವಿಕ್ಕರೆಯಲ್ಲಿ ಹೊಳೆಗೆ ತಡೆ ಕಟ್ಟುವ ಮೊದಲು ಬೇಸಿಗೆ ಬಂತೆಂದರೆ ನಲ್ಲಿಯಲ್ಲಿ ಉಪ್ಪು ನೀರು ಬರುತ್ತಿತ್ತು. ಮನೆಯಲ್ಲಿ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬನ್ನಿ ಎಂದು ಮಕ್ಕಳಿಗೆ ಹೇಳಿ. ಬದಿಯಡ್ಕ, ಮುಳ್ಳೇರಿಯದಂಥ ಒಳನಾಡಿನ ಶಾಲೆಗಳಿಗೂ ಕಡಲನ್ನು ತಲುಪಿಸುವ ದಾರಿ ಈ ಹೊಳೆಗಳೇ.

ಬಾಯಿ ಬಿಡದ ಮಕ್ಕಳ ಬಗ್ಗೆ ಬರೆದಿದ್ದೀರಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಮ್ಮ ಕರಾವಳಿಯ ಎಷ್ಟೋ ಸರ್ಕಾರಿ ಶಾಲೆಗಳ ಹೆಸರಿನಲ್ಲೇ ಫಿಶರೀಸ್ ಎಂದಿದೆ. ಆದರೂ ಮೀನುಗಾರರ ಮನೆಯ ಮಗು ಶಾಲೆಯ ಗೇಟು ದಾಟುವಾಗ ತನಗೆ ಗೊತ್ತಿದ್ದದ್ದನ್ನೆಲ್ಲ ಹೊರಗೆ ಬಿಟ್ಟು ಬರುತ್ತದೆ. ಯಾಕೆಂದರೆ ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಜೊತೆಗೆ ಭಾಷೆಯೂ ಇದೆ. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ. ಶಾಲೆಯಲ್ಲಿ ಪುಸ್ತಕದ ಕನ್ನಡ. ಒಂದು ದೊಡ್ಡ ಚಾರ್ಟ್ ಪೇಪರ್ ಗೋಡೆಗೆ ಅಂಟಿಸಿ. ಮೀನಿನ ಚಿತ್ರ, ಮಕ್ಕಳ ಮನೆಯಲ್ಲಿ ಹೇಳುವ ಎಲ್ಲ ಹೆಸರು, ಕೊನೆಗೆ ಶಾಸ್ತ್ರೀಯ ಹೆಸರು. ಬೂತಾಯಿ, ಮತ್ತಿ, ತಾರ್ಲೆ, ಮೂರೂ ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಬಂಗುಡೆ, ಅಯಲ, ಎರಡೂ ರಾಸ್ಟ್ರೆಲ್ಲಿಜರ್ ಕನಗುರ್ತಾ. ಚಾರ್ಟ್ ತುಂಬಲು ನಿಮಗೆ ಆ ಮಕ್ಕಳ ಸಹಾಯ ಬೇಕೇ ಬೇಕಾಗುತ್ತದೆ, ನಿಮ್ಮಿಂದಲೂ ನನ್ನಿಂದಲೂ ಅದು ಆಗುವುದಿಲ್ಲ.

ಆಮೇಲೆ ಒಬ್ಬ ಅಪ್ಪನನ್ನೋ ಅಜ್ಜನನ್ನೋ ಬಲೆಯ ಜೊತೆ ತರಗತಿಗೆ ಕರೆಯಿರಿ. ಬಲೆಯ ಕಣ್ಣು ಅಳೆಯಲಿ. ಈ ಕಣ್ಣಿನಲ್ಲಿ ಎಷ್ಟು ದಪ್ಪದ ಮೀನು ತಪ್ಪಿಸಿಕೊಳ್ಳುತ್ತದೆ ಎಂದು ಮಕ್ಕಳು ಲೆಕ್ಕ ಹಾಕಲಿ. ರಂಪಣಿ ಎಂಬ ದೊಡ್ಡ ಬಲೆಯನ್ನು ದಡದಿಂದ ಎಳೆಯುತ್ತಿದ್ದ ಕಾಲದ ಬಗ್ಗೆ ಕೇಳಲಿ. ಅವರು ಹೇಳಿದ್ದನ್ನೆಲ್ಲ ಸತ್ಯ ಎಂದು ಬರೆದುಕೊಳ್ಳಬೇಕಿಲ್ಲ, ತಳ್ಳಿಹಾಕಲೂ ಬೇಡ. "ಹುಣ್ಣಿಮೆಗೆ ಮೀನು ಕಡಿಮೆ" ಎಂದು ಅಜ್ಜ ಹೇಳಿದರೆ, ಅದು ಪರೀಕ್ಷೆ ಮಾಡಿ ನೋಡಬಹುದಾದ ಒಂದು ಮಾತು. ಮೂರು ತಿಂಗಳು ದಿನಾ ಬೆಲೆ ಬರೆದು, ಹುಣ್ಣಿಮೆಯ ದಿನಗಳಿಗೆ ಗುರುತು ಹಾಕಿ ನೋಡಿ. ಗೌರವ ಕೊಡುವುದು ಎಂದರೆ ನನ್ನ ಪ್ರಕಾರ ಇದು. ಹೇಳಿದ ಮಾತನ್ನು ಪರೀಕ್ಷೆ ಮಾಡುವಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು.

ಬಸ್ಸಿಗೆ ದುಡ್ಡು ಹೊಂದಿದರೆ ವರ್ಷಕ್ಕೆ ಒಂದು ಪ್ರಯಾಣ ಮಾಡಿ. ಚೆರುವತ್ತೂರು, ಪಡನ್ನದ ಹಿನ್ನೀರಿಗೆ ಹೋದರೆ ಕಲ್ಲುಮ್ಮಕಾಯಿ ಎಂಬ ಚಿಪ್ಪಿನ ಜೀವಿಯನ್ನು ಸಾಕುವುದನ್ನು ನೋಡಬಹುದು. ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿ ಬಟ್ಟೆ ಸುತ್ತುತ್ತಾರೆ. ಬಟ್ಟೆ ನೀರಿನಲ್ಲಿ ಕೊಳೆಯುವಷ್ಟರಲ್ಲಿ ಮರಿ ತನ್ನದೇ ನೂಲು ಬಿಟ್ಟು ಹಗ್ಗಕ್ಕೆ ಅಂಟಿಕೊಂಡಿರುತ್ತದೆ. ನವೆಂಬರ್, ಡಿಸೆಂಬರ್‌ಗೆ ಕಟ್ಟಿ, ಮಳೆ ನೀರು ಬಂದು ಉಪ್ಪು ಇಳಿಯುವ ಮೊದಲೇ ತೆಗೆಯುತ್ತಾರೆ. ನಿಮ್ಮ ಉಪ್ಪಿನ ಲೆಕ್ಕ ಅಲ್ಲಿ ಜೀವನೋಪಾಯ ಆಗಿರುವುದು ಕಾಣುತ್ತದೆ. ಮಹಿಳೆಯರ ಸಂಘಗಳೇ ಈ ಕೆಲಸ ಮಾಡುತ್ತಿರುವುದನ್ನು ಹುಡುಗಿಯರಿಗೆ ತೋರಿಸಿ. ಅಲ್ಲೇ ಹತ್ತಿರ, ನೀಲೇಶ್ವರದ ತೈಕಡಪ್ಪುರದಲ್ಲಿ ಊರಿನವರು ಕಡಲಾಮೆಯ ಮೊಟ್ಟೆಗಳನ್ನು ಕಾಯುತ್ತಾರೆ. ಮರಳಿನ ಬಿಸಿ ಜಾಸ್ತಿಯಾದರೆ ಹೆಣ್ಣು ಮರಿ, ಕಡಿಮೆಯಾದರೆ ಗಂಡು. ಏಳನೇ ತರಗತಿಯವರಿಗೆ ಹವಾಮಾನ ಬದಲಾವಣೆ ಹೇಳಲು ಇಷ್ಟು ಸಾಕು. ಬಡಗಣ ದಿಕ್ಕಿಗಾದರೆ ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಇದೆ, ಮೊದಲೇ ಪತ್ರ ಬರೆದು ಕೇಳಿ. ದುಡ್ಡು ಹೊಂದದಿದ್ದರೆ ಬೇಸರ ಬೇಡ, ತಲೆ ಎತ್ತಿ ನೋಡಿ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಹಕ್ಕಿಯನ್ನು ಘೋಷಿಸಿಕೊಂಡಿತು, ಬಿಳಿ ಹೊಟ್ಟೆಯ ಕಡಲ ಹದ್ದು. ದಡದ ಹತ್ತಿರದ ದೊಡ್ಡ ಮರಗಳಲ್ಲಿ ಗೂಡು ಕಟ್ಟುತ್ತದೆ. ಗೂಡು ಎಲ್ಲಿದೆ ಎಂದು ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಗೊತ್ತಿರಬಹುದು.

ಇಂಗ್ಲಿಷ್ ಪಾಠಗಳನ್ನು ಬಿಸಾಡಬೇಡಿ. ಅಮೆರಿಕದ ಶಿಕ್ಷಕರು, ವಿಜ್ಞಾನಿಗಳು ಸೇರಿ ರೂಪಿಸಿದ ಸಾಗರ ಸಾಕ್ಷರತೆಯ ಏಳು ತತ್ವಗಳು ಈಗ ಎಲ್ಲ ಕಡೆ ಬಳಕೆಯಲ್ಲಿವೆ. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ದಶಕವನ್ನು ಸಾಗರ ವಿಜ್ಞಾನದ ದಶಕ ಎಂದಿರುವುದರಿಂದ ಅಂಥ ಸಾಮಗ್ರಿ ಇನ್ನೂ ಜಾಸ್ತಿ ಸಿಗುತ್ತಿದೆ. ಅದನ್ನು ವರ್ಷದ ಕೊನೆಗೆ ತೆಗೆದು ನೋಡಿ. ಕಡಲು ಹವೆಯನ್ನು ನಡೆಸುತ್ತದೆ, ಕಡಲಿಗೂ ಮನುಷ್ಯನಿಗೂ ಬಿಡಿಸಲಾರದ ನಂಟು ಇದೆ ಎಂಬಂಥ ತತ್ವಗಳಲ್ಲಿ ಯಾವುದನ್ನು ಮುಟ್ಟಿದ್ದೀರಿ, ಯಾವುದು ಬಿಟ್ಟುಹೋಯಿತು ಎಂದು ಗುರುತು ಹಾಕಿಕೊಳ್ಳಿ. ಪಾಠ ಅಲ್ಲಿಂದ ಶುರುವಾಗಬಾರದು ಅಷ್ಟೇ.

ಪಾಠ ಮುಗಿಸಲು ಸಮಯ ಸಿಗುವುದಿಲ್ಲ ಎಂಬ ಚಿಂತೆ ನಿಮಗೆ ಬಂದೇ ಬರುತ್ತದೆ. ಮೀನಿನ ಉದ್ದದ ಸರಾಸರಿಯನ್ನು ಗಣಿತದ ಪೀರಿಯಡ್‌ನಲ್ಲಿ ಮಾಡಿಸಬಹುದು. ಅಜ್ಜನ ಸಂದರ್ಶನ ಕನ್ನಡ ಬರವಣಿಗೆಗೆ ಆಗುತ್ತದೆ. ಉಪಜಿಲ್ಲಾ ಶಾಸ್ತ್ರೋತ್ಸವ, ಅಂದರೆ ಶಾಲೆಗಳ ವಿಜ್ಞಾನ ಮೇಳ, ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ನಾಲ್ಕೈದು ತಿಂಗಳ ಸ್ವಂತ ಅಳತೆ ಇರುತ್ತದೆ. ಥರ್ಮಾಕೋಲ್ ಜ್ವಾಲಾಮುಖಿಗಳ ನಡುವೆ ಅಂಥದ್ದನ್ನು ತೀರ್ಪುಗಾರರು ದಿನಾ ನೋಡುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮೊದಲ ದಿನದಿಂದಲೇ ಹಠ ಇರಲಿ. ಅಳತೆಯ ಪುಸ್ತಕ ಶಾಲೆಯದ್ದಾಗಿರಬೇಕು, ನಿಮ್ಮದಲ್ಲ. ನಿಮಗೆ ನಾಳೆ ವರ್ಗ ಆಗಬಹುದು. ಗಟ್ಟಿ ರಟ್ಟಿನ ರಿಜಿಸ್ಟರ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಯಾವ ಜಾಗ, ಯಾವ ಗೋಡೆಯ ಮೂಲೆಯಿಂದ ಅಳತೆ ಶುರು, ಮೀನನ್ನು ಎಲ್ಲಿಂದ ಎಲ್ಲಿಗೆ ಅಳೆಯುವುದು, ಕೋಲಿನ ಉದ್ದ ಎಷ್ಟು ಎಂದು ಬರೆಸಿ. ಆರನೇ ತರಗತಿಯವರು ಬರೆಯಲಿ. ಬರೆದದ್ದನ್ನು ಐದನೆಯವರಿಗೆ ಕೊಟ್ಟು, ಯಾರ ಸಹಾಯವೂ ಇಲ್ಲದೆ ಹಾಗೇ ಅಳೆಯಲು ಬರುತ್ತದಾ ನೋಡಿ. ಬರದಿದ್ದರೆ ಆ ಪುಟವನ್ನು ಮತ್ತೆ ಬರೆಸಿ.